180 ಯೆನ್‌ಗೆ ಉಳಿದ ಕೋಟೆ

ನಮಸ್ಕಾರ ಕೇಳುಗರೇ. ಇವತ್ತು ನಿಮ್ಮನ್ನು ಜಪಾನಿನ ಒಂದು ಕೋಟೆಯ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಅಲ್ಲಿನ ಒಂದು ಮರದ ಕಂಬದ ಮುಂದೆ ನಿಲ್ಲಿಸಬೇಕು ಅಂತ ನನಗೆ ಆಸೆ.

ಊರು ಮತ್ಸುಯೆ, ಶಿಮಾನೆ ಪ್ರಾಂತ್ಯದ ಮುಖ್ಯ ಪಟ್ಟಣ. ಒಕಯಾಮದಲ್ಲಿ ಯಾಕುಮೊ ರೈಲು ಹತ್ತಿದರೆ ಬೆಟ್ಟಗಳ ನಡುವೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಟೋಕಿಯೊ, ಕ್ಯೋಟೊ ನೋಡಿ ವಾಪಸ್ ವಿಮಾನ ಹತ್ತುವವರು ಈ ಕಡೆ ಬರುವುದೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಹೊರಿಯೊ ಯೋಶಿಹಾರು ಅನ್ನೋ ದಳಪತಿ 1607ರಲ್ಲಿ ಈ ಕೋಟೆಯ ಕೆಲಸ ಶುರು ಮಾಡಿಸಿದ. ಕೆಳಗೆ ಕಲ್ಲಿನ ಕಟ್ಟೆ, ಮೇಲೆ ಕಪ್ಪು ಹಲಗೆ ಹೊದ್ದ ಮರದ ಗೋಪುರ. ಜಪಾನಿನಲ್ಲಿ ಕೋಟೆಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದವು. ಹಳೆಯ ಗೋಪುರ ಹಾಗೇ ನಿಂತಿರುವುದು 12 ಕಡೆ ಮಾತ್ರ, ಅದರಲ್ಲಿ ಇದೊಂದು. ಬೂಟು ಬಿಚ್ಚಿಟ್ಟು ಒಳಗೆ ಹೋಗಬೇಕು. ನೆಲಮಾಳಿಗೆಯಲ್ಲಿ ಒಂದು ಬಾವಿ ಇದೆ, ಶತ್ರು ಸುತ್ತುಗಟ್ಟಿದರೂ ನೀರಿಗೆ ತೊಂದರೆ ಆಗಬಾರದು ಅಂತ. ಮೆಟ್ಟಿಲು ತುಂಬಾ ಕಡಿದು. ಅವುಗಳನ್ನು ಕಿರಿ ಅನ್ನೋ ಹಗುರ ಮರದಿಂದ ಮಾಡಿದ್ದಾರೆ. ಶತ್ರು ಒಳಗೆ ಬಂದರೆ ಆ ಮೆಟ್ಟಿಲನ್ನೇ ಮೇಲಕ್ಕೆ ಎಳೆದುಕೊಳ್ಳಬಹುದು, ಬೆಂಕಿಯೂ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಕೈಯಿಂದ ಮುಟ್ಟಿ ನೋಡಿ, ಸಾವಿರಾರು ಕೈಗಳು ಸವೆಸಿ ನುಣುಪಾಗಿದೆ.

ಈಗ ಕಥೆಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಗೆ, ಮೇಯ್ಜಿ ಚಕ್ರವರ್ತಿಯ ಕಾಲದಲ್ಲಿ, ದೊರೆಗಳ ಆಳ್ವಿಕೆ ಮುಗಿದ ಮೇಲೆ ಕೋಟೆಗಳು ಯಾರಿಗೂ ಬೇಡವಾದವು. 1875ರಲ್ಲಿ ಇಲ್ಲಿನ ಕಟ್ಟಡಗಳನ್ನೆಲ್ಲ ಹರಾಜಿಗೆ ಹಾಕಿದರು. ಉಳಿದವೆಲ್ಲ ಕೆಡವಿಸಿಕೊಂಡು ಹೋದವು. ಗೋಪುರಕ್ಕೆ ಬಂದ ಬೆಲೆ 180 ಯೆನ್! ಆಗ ಕಾತ್ಸುಬೆ ಮೊತೊಎಮೊನ್ ಅನ್ನೋ ಅನುಕೂಲಸ್ಥ ರೈತ, ತಕಾಗಿ ಗೊನ್ಪಾಚಿ ಅನ್ನೋ ಮಾಜಿ ಸಮುರಾಯ್, ಇಬ್ಬರೂ ಓಡಾಡಿ ಅಷ್ಟೇ ಹಣ ಹೊಂದಿಸಿ ಕಟ್ಟಿ, ಗೋಪುರ ಉಳಿಸಿಕೊಂಡರು. ಸರ್ಕಾರ ಬೇಡ ಅಂದಿದ್ದನ್ನು ಊರಿನವರು ಬೇಕು ಅಂದರು ನೋಡಿ. ನನಗೆ ಈ ಊರಿನ ಮೇಲೆ ಇಷ್ಟು ಪ್ರೀತಿ ಬರೋದಕ್ಕೆ ಅದೇ ಕಾರಣ.

ಆಮೇಲೆ ಇನ್ನೊಂದು ತೊಡಕು. 1935ರಲ್ಲಿ ಈ ಗೋಪುರಕ್ಕೆ ಸಿಕ್ಕಿದ್ದ ರಾಷ್ಟ್ರೀಯ ನಿಧಿ ಅನ್ನೋ ಪಟ್ಟ, 1950ರಲ್ಲಿ ಹೊಸ ಕಾನೂನು ಬಂದಾಗ ಹೋಯಿತು. ವಾಪಸ್ ಕೊಡಿ ಅಂತ ಊರಿನವರು ಕೇಳುತ್ತಲೇ ಬಂದರು. ಆದರೆ ಗೋಪುರ ಯಾವ ವರ್ಷ ಮುಗಿಯಿತು ಅನ್ನೋದಕ್ಕೆ ಗಟ್ಟಿ ಪುರಾವೆ ಕೈಯಲ್ಲಿರಲಿಲ್ಲ. 2012ರಲ್ಲಿ ಕೋಟೆಯ ಆವರಣದ ಒಂದು ದೇಗುಲದಲ್ಲಿ ಪ್ರಾರ್ಥನೆ ಬರೆದ ಎರಡು ಮರದ ಫಲಕ ಸಿಕ್ಕವು. ಅದರಲ್ಲಿ ಬರೆದಿದ್ದು ಜಪಾನಿನ ಹಳೆಯ ಕಾಲಗಣನೆಯ ಕೇಯ್ಚೊ 16ನೇ ವರ್ಷ, ಅಂದರೆ ನಮ್ಮ ಲೆಕ್ಕದ 1611. ಸರಿ, ಆದರೆ ಅವು ಈ ಗೋಪುರದ್ದೇ ಅಂತ ಹೇಗೆ ಹೇಳೋದು? ಫಲಕಗಳಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ನೆಲಮಾಳಿಗೆಯ ಎರಡು ಕಂಬಗಳ ತೂತಿಗೆ ಅವು ಸರಿಯಾಗಿ ಹೊಂದಿಕೊಂಡವು! 2015ರಲ್ಲಿ ಪಟ್ಟ ವಾಪಸ್ ಬಂತು. ನಿಮ್ಮನ್ನು ನಿಲ್ಲಿಸಬೇಕು ಅಂದಿದ್ದು ಆ ಕಂಬದ ಮುಂದೆಯೇ. ಅವಸರದಲ್ಲಿ ಮೇಲಕ್ಕೆ ಹತ್ತಿಬಿಡಬೇಡಿ.

ಕೋಟೆಯಿಂದ ಇಳಿದರೆ ಕಂದಕದಲ್ಲಿ ದೋಣಿ ಸಿಗುತ್ತದೆ. ಐವತ್ತು ನಿಮಿಷದ ಸುತ್ತು. ಕೆಲವು ಸೇತುವೆಗಳು ಎಷ್ಟು ತಗ್ಗು ಅಂದರೆ ದೋಣಿಯ ಚಾವಣಿಯೇ ಕೆಳಗಿಳಿಯುತ್ತದೆ, ಎಲ್ಲರೂ ಬಗ್ಗಿ ಮಂಡಿಗೆ ಮುಖ ತಾಗಿಸಬೇಕು. ಮಕ್ಕಳಿದ್ದರೆ ಬಹಳ ಖುಷಿ ಪಡ್ತಾರೆ. ಚಳಿಗಾಲದಲ್ಲಿ ಕಾಲು ಬೆಚ್ಚಗಿಡುವ ಕೊತಾತ್ಸು, ಅಂದರೆ ಹೊದಿಕೆ ಹಾಕಿದ ಬಿಸಿ ಮೇಜು, ಹಾಕಿರುತ್ತಾರೆ. ಕಂದಕದ ಉತ್ತರಕ್ಕೆ ಶಿಯೊಮಿ ನವಾತೆ ಬೀದಿ. ಹಳೆಯ ಪೈನ್ ಮರಗಳು, ಸಮುರಾಯ್ ಮನೆಗಳು. 1890ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಈ ಊರಿಗೆ ಬಂದ ಲೇಖಕ ಲಾಫ್ಕಾಡಿಯೊ ಹರ್ನ್ ಬಾಡಿಗೆಗಿದ್ದ ಮನೆಯೂ ಇಲ್ಲೇ. ಅವರು ಸುಮ್ನೆ ಕೂತು ನೋಡುತ್ತಿದ್ದ ತೋಟ ಮನೆಯ ಮೂರು ಕಡೆಯೂ ಇದೆ. ನೀವೂ ಸ್ವಲ್ಪ ಹೊತ್ತು ಕೂತುಬಿಡಿ.

ಕೊನೆಗೆ ಮೇಯ್ಮೇಯ್-ಆನ್. 1779ರ ಹುಲ್ಲು ಚಾವಣಿಯ ಚಹಾ ಮನೆ. ಇಲ್ಲಿನ ಏಳನೇ ಮತ್ಸುದಾಯ್ರಾ ದೊರೆ ಫುಮಾಯ್ ಚಹಾದ ದೊಡ್ಡ ಪಂಡಿತ. ಈ ಊರಿನವರಿಗೆ ಚಹಾ, ಸಿಹಿ ಅಂದರೆ ಇಷ್ಟೊಂದು ಪ್ರೀತಿ ಬಂದಿದ್ದು ಅವನಿಂದ. ವಾಕಾಕುಸಾ ಅಂತ ಒಂದು ಸಿಹಿ, ಹಸಿರು ಹಿಟ್ಟು ಹೊದಿಸಿದ್ದು, ಬೆರಳಿಗೆ ಮೆತ್ತಗೆ. ಅದನ್ನು ಮೊದಲು ತಿನ್ನಬೇಕು, ಆಮೇಲೆ ಕಹಿ ಮಾಚ್ಚಾ, ಅಂದರೆ ಹಸಿರು ಚಹಾ ಪುಡಿ ಕದಡಿದ ಪಾನೀಯ, ಕುಡಿಯಬೇಕು. ಆ ದಿಬ್ಬದಿಂದ ಆಚೆ ನೋಡಿದರೆ ಮರಗಳ ಮೇಲೆ ಕೋಟೆಯ ಕಪ್ಪು ತಲೆ ಕಾಣುತ್ತದೆ. ನಾನು ಅದನ್ನೇ ನೋಡುತ್ತಾ ಚಹಾ ಬಟ್ಟಲು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ, ಚಹಾ ತಣ್ಣಗಾದರೂ.

ನಮಸ್ಕಾರ.