ಹಳೇ ಬಾಗಿಲಿನ ಲಾಕನ್ನ ತಯಾರಿಸಿದೋರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರು ಕಂಟೋನ್ಮೆಂಟಿನ ಹಳೇ ಬಂಗಲೆ ಇರ್ಲಿ, ಕೊಡಗು ಚಿಕ್ಕಮಗಳೂರು ಕಡೆ ಎಸ್ಟೇಟ್ ಮನೆ ಇರ್ಲಿ, ಬಾಗಿಲ ಒಳಮೈಗೆ ಕಬ್ಬಿಣದ ಪೆಟ್ಟಿಗೆ ಥರ ಒಂದು ದಪ್ಪ ಲಾಕು ಸ್ಕ್ರೂ ಹೊಡೆದು ಕೂರ್ಸಿರೋದನ್ನ ಸುಮಾರು ಜನ ನೋಡಿರ್ತೀರಿ. ರಿಮ್ ಲಾಕ್ ಅಂತಾರೆ ಅದಕ್ಕೆ. ಕೀ ಕಳೆದೋಯ್ತು, ಇಲ್ಲಾ ಒಳಗಡೆ ಸ್ಪ್ರಿಂಗ್ ಮುರೀತು ಅಂದ ತಕ್ಷಣ ಕೆಲಸದೋರು ಹೇಳೋದು ಒಂದೇ ಮಾತು, ಕಿತ್ತಾಕಿ ಸಾರ್ ಹೊಸದು ಹಾಕ್ಬಿಡೋಣ ಅಂತ. ದಯವಿಟ್ಟು ಅಷ್ಟು ಬೇಗ ಹೂಂ ಅನ್ಬೇಡಿ. ಅದನ್ನ ಮಾಡಿದೋರು ಯಾರು ಅಂತ ಒಂಚೂರು ಗೊತ್ತಾದ್ರೂ ಸಾಕು, ಒಳಗಿನ ಕೆಲಸ ಯಾವ ಥರದ್ದು, ಕೀ ಹೇಗಿರ್ಬೇಕು, ರಿಪೇರಿಯೋರಿಗೆ ಏನು ಹೇಳ್ಬೇಕು ಅನ್ನೋದೆಲ್ಲ ಸಲೀಸಾಗುತ್ತೆ, ಮತ್ತೆ ನೂರು ವರ್ಷ ಬಾಳಿದ ಹಿತ್ತಾಳೆ ಕೆಲಸ ಗುಜರಿಗೆ ಹೋಗೋದು ತಪ್ಪುತ್ತೆ.

ಎಲ್ಲರೂ ಮೊದ್ಲು ಹುಡುಕೋದು ಹೆಸರು. ಮುಂದಿನ ಪ್ಲೇಟ್ ಮೇಲೆ ಏನೋ ಬರ್ದಿದೆ, ಹಾಗಾದ್ರೆ ಅವರೇ ಮಾಡಿದ್ದು ಅಂದ್ಕೋತೀವಿ. ಯಾವಾಗ್ಲೂ ಹಾಗಿರಲ್ಲ. ಇಂಗ್ಲೆಂಡಲ್ಲಿ ವುಲ್ವರ್‌ಹ್ಯಾಂಪ್ಟನ್ ಪಕ್ಕದಲ್ಲೇ ವಿಲೆನ್‌ಹಾಲ್ ಅಂತ ಒಂದು ಊರಿದೆ, ಊರಿಗೆ ಊರೇ ಬೀಗದ ಕೆಲಸದ್ದು, ಮನೆ ಹಿಂದಿನ ಸಣ್ಣ ಸಣ್ಣ ಶೆಡ್ಡಲ್ಲಿ ಅಪ್ಪ ಮಕ್ಕಳು ಅಪ್ರೆಂಟಿಸ್ ಹುಡುಗರು ಎಲ್ಲ ಸೇರಿ ಬಗ್ಗಿ ಅರ ಉಜ್ಜಿ ಉಜ್ಜಿ ಬೆನ್ನು ಗೂನಾಗಿ, ಕೊನೆಗೆ ಗೂನು ಬೆನ್ನಿನೋರ ಊರು ಅಂತ್ಲೇ ಅದಕ್ಕೆ ಅಡ್ಡಹೆಸರು ಬಿತ್ತು. ಅಲ್ಲಿ ಎಷ್ಟೋ ಜನ ತಮ್ಮ ಹೆಸರು ಹೊಡೀತಾನೇ ಇರ್ಲಿಲ್ಲ. ತಗೊಂಡೋಗಿ ಮಾರೋ ಹಾರ್ಡ್‌ವೇರ್ ವ್ಯಾಪಾರಿ ತನ್ನ ಹೆಸರು ಹೊಡಿಸ್ಕೋತಿದ್ದ. ಹಾಗಾಗಿ ಪ್ಲೇಟ್ ಮೇಲೆ ಇರೋದು ಅಂಗಡಿಯೋರ ಹೆಸರಾಗಿರ್ಬೋದು, ಮಾಡಿದ ಕೈ ಬೇರೆ. ಪೇಟೆಂಟ್ ಅಂತಲೋ ಸೆಕ್ಯೂರ್ ಅಂತಲೋ ಇಷ್ಟು ಲಿವರ್, ಅಂದ್ರೆ ಒಳಗೆ ಇಷ್ಟು ಪಟ್ಟಿ ಅಂತಲೋ ಬರ್ದಿದ್ರೆ ಅದೂ ಕಂಪನಿ ಹೆಸರಲ್ಲ, ಮಾರೋಕೆ ಹಾಕಿರೋ ಮಾತು ಅಷ್ಟೆ.

ಹೆಸರಿಗಿಂತ ಸಣ್ಣ ಗುರುತುಗಳ ಮೇಲೆ ನಂಗೆ ಜಾಸ್ತಿ ನಂಬಿಕೆ. ವಜ್ರದ ಆಕಾರದ ಪುಟ್ಟ ಮುದ್ರೆ, ಮೂಲೆ ಮೂಲೆಗೆ ಅಕ್ಷರ ಅಂಕಿ, ತಲೆ ಮೇಲೆ ಒಂದು ಸೊನ್ನೆಯೊಳಗೆ ರೋಮನ್ ಒಂದು ಇದ್ರೆ, ಅದು ಬ್ರಿಟನ್ನಲ್ಲಿ ಲೋಹದ ಸಾಮಾನಿನ ಡಿಸೈನ್ ರಿಜಿಸ್ಟರ್ ಆಗಿರೋ ಗುರುತು, 1842ರಿಂದ 1883ರ ತನಕ ಅಷ್ಟೇ ಇದ್ದಿದ್ದು. 1884ರಿಂದ ಆ ವಜ್ರ ಹೋಯ್ತು, ಆರ್‌ಡಿ ನಂಬರ್, ಅಂದ್ರೆ ರಿಜಿಸ್ಟರ್ಡ್ ನಂಬರ್ ಅಂತ ಬರೀ ಅಂಕಿ ಬಂತು, ಒಂದರಿಂದ ಶುರುವಾಗಿ 1900ನೇ ಇಸವಿ ಹೊತ್ತಿಗೆ ಸುಮಾರು ಮೂರೂವರೆ ಲಕ್ಷ ಮುಟ್ಟಿತ್ತು, ಹಾಗಾಗಿ ನಂಬರ್ ನೋಡಿದ್ರೆ ಡಿಸೈನ್ ಯಾವ ವರ್ಷದ್ದು ಅಂತ ಲೆಕ್ಕ ಹಾಕ್ಬೋದು. ಮೇಡ್ ಇನ್ ಇಂಗ್ಲೆಂಡ್, ಮೇಡ್ ಇನ್ ಜರ್ಮನಿ ಅಂತ ದೇಶದ ಹೆಸರು ಹೊಡೆಯೋದು 1887ರ ಬ್ರಿಟಿಷ್ ಕಾನೂನಾದ್ಮೇಲೆ ಜಾಸ್ತಿ ಆಯ್ತು. ಸ್ಕ್ರೂನೂ ನೋಡಿ. ತಲೆ ಮೇಲೆ ನಕ್ಷತ್ರದ ಥರ ಗೀರಿದ್ರೆ ಆ ಸ್ಕ್ರೂ 1930ರ ಈಚಿನದು, ಅಂದ್ರೆ ಮಧ್ಯದಲ್ಲಿ ಯಾರೋ ಬಿಚ್ಚಿ ಹಾಕಿದಾರೆ, ಲಾಕು ಬೇರೆ ಬಾಗಿಲಿಂದ ಬಂದಿದ್ರೂ ಬಂದಿರ್ಬೋದು.

ಇನ್ನು ಒಳಗಡೆ. ನಿಜವಾದ ಸುದ್ದಿ ಇರೋದು ಅಲ್ಲೇ. ಬಾಗಿಲಿಂದ ಲಾಕ್ ಬಿಚ್ಚಿ ಟೇಬಲ್ ಮೇಲೆ ಒಂದು ಹಳೇ ಟವಲ್ ಹಾಸಿ ಮಲಗಿಸಿ, ಮುಚ್ಚಳದ ಸ್ಕ್ರೂ ತೆಗೆದು, ಮುಚ್ಚಳನ ಬೆರಳಲ್ಲಿ ಒತ್ತಿ ಹಿಡ್ಕೊಂಡೇ ನಿಧಾನಕ್ಕೆ ಎತ್ಬೇಕು, ಇಲ್ದಿದ್ರೆ ಸ್ಪ್ರಿಂಗ್ ಹಾರಿ ಎಲ್ಲೋ ಹೋಗುತ್ತೆ. ಏನನ್ನೂ ಮುಟ್ಟೋಕೆ ಮುಂಚೆ ಒಂದು ಫೋಟೋ ತಗೊಳ್ಳಿ. ಕೀ ಸುತ್ತೋ ಜಾಗದಲ್ಲಿ ಬರೀ ಅರ್ಧ ಚಂದ್ರದ ಹಾಗೆ ಬಾಗಿದ ತಗಡಿನ ಅಡ್ಡಿಗಳಿದ್ರೆ ಅದು ವಾರ್ಡ್ ಲಾಕು, ಅಗ್ಗದ್ದು, ಯಾರು ಬೇಕಾದ್ರೂ ಮಾಡಿರ್ಬೋದು. ಒಂದರ ಮೇಲೊಂದು ಹಿತ್ತಾಳೆ ಪಟ್ಟಿ ಜೋಡ್ಸಿ, ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಇದ್ರೆ ಅದು ಲಿವರ್ ಲಾಕು, ಕೀ ಆ ಪಟ್ಟಿಗಳನ್ನ ಸರಿಯಾದ ಎತ್ತರಕ್ಕೆ ಎತ್ತಿದ್ರೆ ಮಾತ್ರ ತೆರೆಯುತ್ತೆ. ಎಷ್ಟು ಲಿವರ್ ಇದೆ ಎಣಿಸಿ, ಅಂಚು ಹೇಗೆ ಉಜ್ಜಿದಾರೆ ನೋಡಿ.

ಅದ್ರಲ್ಲಿ ಚಬ್ ಲಾಕ್ ಸಿಕ್ಕಿದ್ರಂತೂ ಹಬ್ಬ. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀ ಹಾಕಿ ಕಳ್ಳತನ ಆಯ್ತು, ತನ್ನದೇ ಕೀ ಬಿಟ್ರೆ ಬೇರೆ ಯಾವುದಕ್ಕೂ ಬಗ್ಗದ ಲಾಕ್ ಬೇಕು ಅಂತ ಸರ್ಕಾರ ಬಹುಮಾನ ಇಡ್ತು, ಮುಂದಿನ ವರ್ಷವೇ ಜೆರೆಮಯಾ ಚಬ್ ಡಿಟೆಕ್ಟರ್ ಲಾಕಿಗೆ ಪೇಟೆಂಟ್ ತಗೊಂಡ. ಕಳ್ಳಕೀ ಹಾಕಿ ಯಾವುದಾದ್ರೂ ಲಿವರನ್ನ ಬೇಕಾದ್ದಕ್ಕಿಂತ ಮೇಲಕ್ಕೆ ಎತ್ತಿದ್ರೆ ಅದು ಒಂದು ಕೊಂಡಿಗೆ ಸಿಕ್ಕಾಕೊಂಡು ಲಾಕು ಜಾಮ್ ಆಗ್ಬಿಡ್ತಿತ್ತು, ಮನೆ ಯಜಮಾನ ಬಂದು ತನ್ನ ಕೀ ತಿರುಗಿಸಿದಾಗ ತಿರುಗ್ದೇ ಇದ್ರೆ ಯಾರೋ ಕೈ ಹಾಕಿದಾರೆ ಅಂತ ಗೊತ್ತಾಗ್ತಿತ್ತು! ಮೊದ್ಲು ಅದನ್ನ ಬಿಡಿಸೋಕೆ ಬೇರೆ ಕೀ ಬೇಕಿತ್ತು, 1824ರಲ್ಲಿ ಅದನ್ನೂ ಸುಧಾರಿಸಿ ಅದೇ ಕೀನ ಹಿಂದಕ್ಕೆ ತಿರುಗಿಸಿದ್ರೆ ಬಿಡೋ ಹಾಗೆ ಮಾಡಿದ್ರು. ಚಬ್‌ನೋರು ಲಾಕಿಗೆ ಸೀರಿಯಲ್ ನಂಬರ್ ಹೊಡೀತಿದ್ರು, ಅದನ್ನ ಬರ್ಕೊಳ್ಳಿ. ಆಮೇಲೆ 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದ ಹಾಬ್ಸ್ ಅನ್ನೋ ಅಮೆರಿಕದೋನು ಇದನ್ನ ಸುಮಾರು 25 ನಿಮಿಷದಲ್ಲಿ ತೆಗೆದ, ಬ್ರಾಮಾ ಅನ್ನೋ ಇನ್ನೊಬ್ಬ ಇಂಗ್ಲಿಷಿನೋನ ಲಾಕನ್ನೂ ತೆಗೆದ, ಅದಕ್ಕೆ ಮಾತ್ರ 51 ಗಂಟೆ ಬೇಕಾಯ್ತು.

ಬ್ರಾಮಾ ಕೀ ನೋಡಿದ್ರೆ ಮರೆಯೋಕಾಗಲ್ಲ, ಸಣ್ಣ ಕೊಳವೆ, ತುದೀಲಿ ಉದ್ದುದ್ದ ಸೀಳು, 1784ರ ಪೇಟೆಂಟ್. ಆದ್ರೆ ಪೇಟೆಂಟ್ ಮುಗಿದ್ಮೇಲೆ ಬೇರೆಯೋರೂ ಮಾಡಿದ್ರು. ಯೇಲ್ ಕಥೇನೂ ಅದೇ, 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಒಳಗೆ ಸಣ್ಣ ಪಿನ್ನುಗಳಿರೋ ಸಿಲಿಂಡರ್ ಲಾಕ್ ತಂದ್ಮೇಲೆ ಚಪ್ಪಟೆ ಹಲ್ಲಿನ ಕೀ ಪ್ರಪಂಚ ಎಲ್ಲ ಹಬ್ಬಿತು. ಕೀ ಆಕಾರದಿಂದ ಜಾತಿ ತಿಳಿಯುತ್ತೆ, ಮಾಡಿದೋರು ತಿಳಿಯಲ್ಲ.

ಹಳೇದೆಲ್ಲ ವಿಲಾಯಿತಿದು ಅಂತಾನೂ ಅಂದ್ಕೋಬೇಡಿ. ಗೋದ್ರೇಜ್ 1897ರಲ್ಲೇ ಬಾಂಬೆಯಲ್ಲಿ ಬೀಗ ಮಾಡೋಕೆ ಶುರು ಮಾಡಿದ್ರು, ಅಲಿಗಢ ಇದೆ, ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್ ಇದೆ, ಕೈಯಲ್ಲೇ ಮಾಡೋ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಅಲ್ಲಿನೋರ ಕೆಲಸ ಯಾವ ಇಂಗ್ಲಿಷ್ ಲಾಕಿಗೂ ಕಮ್ಮಿ ಇಲ್ಲ.

ಕಡೇದಾಗಿ ಎರಡು ವಿಷಯ ಗಟ್ಟಿಯಾಗಿ ಹೇಳ್ತೀನಿ. ಗುರುತು ಕಾಣ್ಲಿ ಅಂತ ಪ್ಲೇಟನ್ನ ಮರಳು ಕಾಗದ ಹಾಕಿ ಉಜ್ಜಬೇಡಿ, ಸವೆದಿರೋ ಮುದ್ರೆ ಪೂರ್ತಿ ಹೋಗ್ಬಿಡುತ್ತೆ, ಒಣ ಬ್ರಷ್ಷಲ್ಲಿ ಧೂಳು ತೆಗೆದು ಕತ್ತಲಲ್ಲಿ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಡಿ, ಅಕ್ಷರ ಎದ್ದು ಕಾಣುತ್ತೆ. ಇನ್ನೊಂದು, ಲಾಕಿನ ಫೋಟೋ ಯಾರಿಗೆ ಬೇಕಾದ್ರೂ ಕಳ್ಸಿ ಕೇಳಿ, ಆದ್ರೆ ಬಳಸ್ತಾ ಇರೋ ಬಾಗಿಲಿನ ಕೀ ಹಲ್ಲು ಕಾಣೋ ಫೋಟೋನೂ ಲಿವರ್ ಜೋಡಿಸಿರೋ ಫೋಟೋನೂ ಗುರುತಿಲ್ಲದೋರಿಗೆ ಕಳಿಸ್ಬೇಡಿ, ಅದನ್ನ ನೋಡ್ಕೊಂಡೇ ಡೂಪ್ಲಿಕೇಟ್ ಮಾಡೋರಿದಾರೆ. ಅದನ್ನ ರಿಪೇರಿಯೋರ ಮುಂದೆ ನೀವೇ ಕೂತು ತೋರ್ಸಿ.

ನಮಸ್ಕಾರ.