ಜನರ ಕೈಗೆ ತಲುಪದ ನಾಣ್ಯಗಳು

ನಮಸ್ಕಾರ. ಇವತ್ತಿನ ವಿಷಯ ಪ್ಯಾಟರ್ನ್ ನಾಣ್ಯಗಳು. ಹೊಸ ಲೋಹ, ಹೊಸ ಚಿತ್ರ, ಹೊಸ ಅಳತೆ ಹೇಗೆ ಕಾಣುತ್ತೆ ಅಂತ ಪರೀಕ್ಷಿಸೋಕೆ ಟಂಕಸಾಲೆಯಲ್ಲಿ ಒತ್ತಿ ನೋಡ್ತಿದ್ದ ಮಾದರಿಗಳು. ನಾನು ಹಿಡಿದಿರೋ ದಾರಿ 19ನೇ ಶತಮಾನದ ಅಮೆರಿಕದ್ದು, ಅದರಲ್ಲೂ ಸೋತುಹೋದ ಪ್ರಯೋಗಗಳು ಅಂದ್ರೆ ನನಗೆ ಪ್ರಾಣ.

ಈ ಚಿತ್ರ ನೋಡಿ. 1850ರ ಒಂದು ಸೆಂಟ್, ನಡುವೆ ತೂತು! ಆಗಿನ ತಾಮ್ರದ ಸೆಂಟು ಸುಮಾರು 11 ಗ್ರಾಂ ತೂಗೋದು. ಅದನ್ನ ಒತ್ತೋ ಖರ್ಚು ಟಂಕಸಾಲೆಗೆ ಹೊರೆಯಾಗಿತ್ತು. ತಾಮ್ರಕ್ಕೆ ಹತ್ತನೇ ಒಂದು ಪಾಲು ಬೆಳ್ಳಿ ಬೆರೆಸಿದ್ರೆ ಕಡಿಮೆ ಲೋಹದಲ್ಲೇ ಸೆಂಟಿನ ಬೆಲೆ ಕೂಡುತ್ತೆ. ಆದರೆ ನಾಣ್ಯ ತೀರಾ ಪುಟ್ಟದಾಗುತ್ತಲ್ಲ? ಅದಕ್ಕೇ ಅಗಲ ಹಾಗೇ ಉಳಿಸಿ ನಡುವಿನ ಲೋಹ ತೆಗೆದ್ರು. ಎಷ್ಟು ಚೆಂದದ ಯೋಚನೆ! ಆದರೆ ಒತ್ತಿದ ಬಿಲ್ಲೆ ಯಂತ್ರದಿಂದ ಸಲೀಸಾಗಿ ಈಚೆ ಬರ್ತಿರಲಿಲ್ಲ, ಬೆರೆತ ಬೆಳ್ಳಿಯನ್ನ ಮತ್ತೆ ಬೇರ್ಪಡಿಸೋದೂ ದುಬಾರಿ. ಅಲ್ಲಿಗೆ ಕೈಬಿಟ್ರು.

1879 ಮತ್ತು 1880ರ ನಾಲ್ಕು ಡಾಲರ್ ಚಿನ್ನದ ನಾಣ್ಯ 'ಸ್ಟೆಲ್ಲಾ' ಕೂಡ ಇದೇ ಸಾಲಿನದು. ಯುರೋಪಿನ ಚಿನ್ನದ ನಾಣ್ಯಗಳ ಜೊತೆ ಹೊಂದಲಿ ಅಂತ ರಾಯಭಾರಿ ಜಾನ್ ಕ್ಯಾಸನ್ ಸೂಚಿಸಿದ್ದು. ಅಂಚನ್ನ ಹತ್ತಿರದಿಂದ ನೋಡಿ: ನಕ್ಷತ್ರಗಳ ನಡುವೆ 6 ಗ್ರಾಂ ಚಿನ್ನ, 0.3 ಬೆಳ್ಳಿ, 0.7 ತಾಮ್ರ, ಒಟ್ಟು 7 ಗ್ರಾಂ ಅಂತ ಬರೆದಿದೆ. ತನ್ನೊಳಗೆ ಏನೇನಿದೆ ಅಂತ ತಾನೇ ಒಪ್ಪಿಸೋ ನಾಣ್ಯ! ಇದರ ಮೇಲಿನ ಹೆಣ್ಣಿನ ಮುಖ ಲಿಬರ್ಟಿ, ಅಂದ್ರೆ ಸ್ವಾತಂತ್ರ್ಯದ ಸಂಕೇತ. ಚಾರ್ಲ್ಸ್ ಬಾರ್ಬರ್ ಮಾಡಿದ ಹರಡಿದ ಕೂದಲಿನ ಲಿಬರ್ಟಿಗಿಂತ ಜಾರ್ಜ್ ಮಾರ್ಗನ್ ಮಾಡಿದ ಜಡೆ ಸುತ್ತಿದ ಲಿಬರ್ಟಿಯೇ ನನಗೆ ಇಷ್ಟ.

ಗೆದ್ದ ಪ್ರಯೋಗಗಳ ಪೈಕಿ ಎಲ್ಲರ ಕಣ್ಣು 1856ರ ಹಾರುವ ಹದ್ದಿನ ಸೆಂಟ್ ಮೇಲೆ. 88 ಭಾಗ ತಾಮ್ರ, 12 ಭಾಗ ನಿಕ್ಕಲ್, ತೂಕ 4.67 ಗ್ರಾಂ. ಈ ಸೆಂಟಿಗೆ ಒಪ್ಪಿಗೆ ಕೊಟ್ಟ ಕಾಯ್ದೆ ಬಂದಿದ್ದು 1857ರ ಫೆಬ್ರವರಿಯಲ್ಲಿ; ಅದಕ್ಕೂ ಮೊದಲೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಿಗೆ ಮಾದರಿಯಾಗಿ ಹಂಚಿದ್ರು. ಸಂಗ್ರಹಕಾರರು ಮುಗಿಬಿದ್ದಾಗ ಟಂಕಸಾಲೆಯೇ ಆಮೇಲೆ ಅದೇ ಇಸವಿ ಹಾಕಿ ಮತ್ತಷ್ಟು ಒತ್ತಿತು.

ಇದನ್ನ ಕೊಳ್ಳೋರು ದಯವಿಟ್ಟು ಭೂತಗನ್ನಡಿ ಹಿಡಿದೇ ನೋಡಿ. 1858ರ ಕೊನೆಯ 8 ಅನ್ನ ಕೆತ್ತಿ 6 ಮಾಡಿದ ನಕಲಿಗಳು ಬೇಕಾದಷ್ಟಿವೆ. 6ನ್ನ ಬಿಡಿ, ಪಕ್ಕದ 5 ನೋಡಿ. ಅದರ ನೆಟ್ಟಗಿನ ಗೆರೆಯನ್ನ ಕೆಳಕ್ಕೆ ಎಳೆದಂತೆ ಊಹಿಸಿಕೊಳ್ಳಿ. ಅಸಲಿಯಲ್ಲಿ ಅದು 5ರ ಕೆಳತುದಿಯಲ್ಲಿರೋ ಗುಂಡು ಚುಕ್ಕೆಯ ನಟ್ಟನಡುವೆ ಬೀಳುತ್ತೆ. 1858ರದ್ದಾದ್ರೆ ಎಡಕ್ಕೆ ಸರಿಯುತ್ತೆ.