ಬೀದಿಯಲ್ಲಿ ಆರಡಿ ಅಂತರ, ಮನೆಯಲ್ಲಿ ಒಂದೇ ಕೌದಿ

ಕೇಳುಗರಿಗೆ ನಮಸ್ಕಾರ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಮಾರ್ಚ್ 25ಕ್ಕೆ ಶುರುವಾಯಿತು. ಕಿರಾಣಿ ಅಂಗಡಿ ಮುಂದೆ ಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದರು. ಇಷ್ಟು ದೂರ ದೂರ ಇದ್ದ ಮೇಲೆ ಅಂಟುವ ಚರ್ಮರೋಗಗಳೂ ಕಡಿಮೆಯಾಗಬೇಕಿತ್ತು, ಅಲ್ವಾ? ಚರ್ಮದ ಡಾಕ್ಟರಾದ ನಾನೂ ಹಾಗೇ ಅಂದುಕೊಂಡಿದ್ದೆ.

ಹೇನಿನ ವಿಷಯದಲ್ಲಿ ಲೆಕ್ಕ ಸರಿಹೋಯಿತು. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಶಾಲೆ ಮುಚ್ಚಿತು, ಮಕ್ಕಳು ತಲೆ ಕೂಡಿಸಿ ಕೂರುವುದು ನಿಂತಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಆಗ ಹೇನು ಕಡಿಮೆಯಾದದ್ದನ್ನು ಗುರುತಿಸಿದ್ದಾರೆ.

ಕಜ್ಜಿ ಮಾತ್ರ ಮಾತು ಕೇಳಲಿಲ್ಲ. ಟರ್ಕಿ, ಸ್ಪೇನ್ ದೇಶದ ವೈದ್ಯರು ತಮ್ಮಲ್ಲಿ ಅದು ಜಾಸ್ತಿಯಾಯಿತೆಂದು ಬರೆದರು.

ತುರಿಕಜ್ಜಿಗೆ ಕಾರಣ ಒಂದು ನುಸಿ. ಅರ್ಧ ಮಿಲಿಮೀಟರೂ ಇಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೈತುಂಬ ಕೆರೆದುಕೊಳ್ಳುವ ಮನುಷ್ಯನ ಮೇಲೆ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ನುಸಿ, ಅಷ್ಟೇ! ಅದು ಇನ್ನೊಬ್ಬರಿಗೆ ದಾಟಬೇಕಾದರೆ ಮೈಗೆ ಮೈ ತಾಗಿ ಸುಮಾರು ಹೊತ್ತು ಇರಬೇಕು. ಚಿಲ್ಲರೆ ಕೊಡುವಾಗ ಬೆರಳು ತಾಗಿದರೆ ಸಾಲದು.

ಈಗ ನಮ್ಮ ಕೊಪ್ಪಳ ಸೀಮೆಯ ಮನೆ ನೆನೆಸಿಕೊಳ್ಳಿ. ಗುಳೆ ಹೋದವರು ಬೆಂಗಳೂರು, ಗೋವಾದಿಂದ ವಾಪಸ್ ಬಂದರು. ಎರಡು ಖೋಲಿ, ಎಂಟು ಜನ. ರಾತ್ರಿ ಒಂದು ಕೌದಿಯೊಳಗೆ ನಾಲ್ಕು ಮಕ್ಕಳು. ಹೊರಗೆ ಆರಡಿ ಅಂತರ, ಒಳಗೆ ಗೇಣಿನಷ್ಟೂ ಇಲ್ಲ. ಅವರೇನು ಮಾಡಬೇಕು, ಜಾಗ ಇರುವುದೇ ಅಷ್ಟು. ಅದರ ಮೇಲೆ, ಮೊದಲ ಸಲ ಅಂಟಿದವರಿಗೆ ನಾಲ್ಕರಿಂದ ಆರು ವಾರ ತುರಿಕೆಯೇ ಕಾಣುವುದಿಲ್ಲ. ಅಷ್ಟರಲ್ಲಿ ಮನೆಗೆಲ್ಲ ಹಂಚಿರುತ್ತಾರೆ. ಆಸ್ಪತ್ರೆಗೆ ಹೋಗಲು ಅಂಜಿಕೆ. ಸುಮ್ನೆ ಮೆಡಿಕಲ್‌ನಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚಿದರು. ತುರಿಕೆ ತಣ್ಣಗಾಯಿತು, ನುಸಿ ಆರಾಮಾಗಿ ಉಳಿಯಿತು.

ಆ ದಿನಗಳಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದಿದ್ದರು. ಬೆರಳ ಸಂದಿಯಲ್ಲಿ ಗುಳ್ಳೆ, ಮಣಿಕಟ್ಟಿನಲ್ಲಿ ಪೆನ್ಸಿಲ್‌ನಿಂದ ಎಳೆದಂಥ ಸಣ್ಣ ಗೆರೆ. "ಹಗಲೆಲ್ಲ ಆಡ್ತಾನ್ರಿ, ರಾತ್ರಿ ಆತಂದ್ರ ಕೆರಕೊಂತ ಅಳ್ತಾನ" ಅಂದರು. ಪರ್ಮೆಥ್ರಿನ್ ಮುಲಾಮು ಬರೆದೆ. ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಸ್ನಾನ. ವಾರದ ಮೇಲೆ ಇನ್ನೊಮ್ಮೆ. ಎಳೆ ಕೂಸು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ. ಎಲ್ಲರೂ ಎಡವುವುದು ಇಲ್ಲೇ. ಹುಡುಗನಿಗೆ ಹಚ್ಚುತ್ತಾರೆ, ಅಪ್ಪ "ನನಗೇನಾಗೇತಿ" ಅನ್ನುತ್ತಾನೆ, ಸ್ವಲ್ಪ ದಿನಕ್ಕೆ ಮತ್ತೆ ಕಜ್ಜಿ. ಇನ್ನೊಂದು ಮಾತು. ನುಸಿ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯಬಹುದು. ಹೆದರಿ ದಿನಾ ಬಳಿಯಬೇಡಿ.

ಅಜ್ಜಿಯ ಚಿಂತೆ ಬೇರೆಯೇ ಇತ್ತು. "ಕೌದಿ ಸುಡಬೇಕೇನ್ರಿ?" ಹಳೆ ಸೀರೆಗಳನ್ನು ಸೇರಿಸಿ ತಾವೇ ಹೊಲಿದದ್ದಂತೆ. ಅದನ್ನು ಒಗೆಯುವಷ್ಟು ನೀರೂ ಮನೆಯಲ್ಲಿಲ್ಲ. ಬ್ಯಾಡಜ್ಜಿ ಅಂದೆ. ಮನುಷ್ಯನ ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನ ಬದುಕಿದರೆ ಹೆಚ್ಚು. ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಒಂದು ವಾರ ಮೂಲೆಯಲ್ಲಿಡಿ, ಸಾಕು.

ಎರಡನೇ ಸಲ ಬಂದಾಗ, ಮೊಮ್ಮಗನ ಕೈ ತೋರಿಸುವ ಮೊದಲೇ ಅಜ್ಜಿ ಹೇಳಿದರು: "ಕೌದಿ ತಗದು ಹಾಸೀನ್ರಿ. ಬಿಸಿಲಿಗೂ ಹಾಕಿದ್ದೆ."

ನಮಸ್ಕಾರ.